ಗಂಧ ಹಚ್ಚಿಕೊಂಡ ಸಮುದ್ರಜೀವಿ

ಮಾಸ್ತರನ ಕೈಯಲ್ಲಿ ಬೆತ್ತವಿದ್ದರೆ ಹುಡುಗರಿಗಷ್ಟೇ ಅಪಾಯ. ಸುತ್ತಿಗೆ ಬಂದರೆ ಇಡೀ ಸೀಮೆಗೆ ಅಪಾಯ. ಇದು ಪರರ ಮೇಲಿನ ದೂರಲ್ಲ, ನನ್ನ ತಪ್ಪೊಪ್ಪಿಗೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಗಂಗಾವತಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಎಲೆ ಅಡಿಕೆಯ ಚಟವಿರಲಿಲ್ಲ, ಇಸ್ಪೀಟು ಬರುತ್ತಿರಲಿಲ್ಲ. ಹೀಗೆ ಖಾಲಿ ಬಿದ್ದಿದ್ದ ಜಾಗಕ್ಕೆ ಹೈದರಾಬಾದಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಭೂಗರ್ಭಶಾಸ್ತ್ರದ ಪುಸ್ತಕವೊಂದು ಬಂದು ಕುಳಿತಿತು. ಬಹು ಹಿಂದೆ ಸಮುದ್ರದ ತಳದಲ್ಲಿ ಸತ್ತ ಶಂಖದ ಹುಳುಗಳು ಕಲ್ಲಾಗಿರುತ್ತವೆ, ಒಡೆದರೆ ಅವುಗಳ ಹೊಟ್ಟೆಯಲ್ಲಿ ಕಲ್ಲುಸಕ್ಕರೆಯಂಥ ಹರಳುಗಳು ಹೊಳೆಯುತ್ತವೆ ಎಂದು ಅದರಲ್ಲಿ ಬರೆದಿತ್ತು. ಎಂಥ ಬಂಡೆಯಲ್ಲಿ ಹುಡುಕಬೇಕು ಎಂಬ ಪುಟಗಳನ್ನು ಮಾತ್ರ ಗೆದ್ದಲು ತಿಂದಿತ್ತು.

ಬಂಡೆಗಳ ವಿಷಯದಲ್ಲಿ ನಮ್ಮ ಸೀಮೆ ಕುಬೇರನ ಮನೆ. ಆಗ ಶುಕ್ರವಾರ ಶಾಲೆಗೆ ಸೂಟಿ. ಚೀಲ, ಸುತ್ತಿಗೆ, ನಾಲ್ಕು ರೊಟ್ಟಿ ಹಿಡಿದು ಎರಡು ವರ್ಷ ಕುಷ್ಟಗಿ, ಯಲಬುರ್ಗಾದವರೆಗೂ ಗುಡ್ಡಗಳ ಮೈಯನ್ನೆಲ್ಲ ತಟ್ಟಿ ನೋಡಿದೆ. ನಮ್ಮ ಬಂಡೆಗಳು ಇಂಥ ಪ್ರಾಣಿಗಳು ಹುಟ್ಟುವ ಎಷ್ಟೋ ಮೊದಲೇ ಹುಟ್ಟಿ ಗಟ್ಟಿಯಾದವು, ಅವುಗಳಲ್ಲಿ ಶಂಖದ ಹುಳು ಹುಡುಕುವುದು ಅಜ್ಜಿಯ ಮದುವೆಯಲ್ಲಿ ಮೊಮ್ಮಗನನ್ನು ಹುಡುಕಿದಂತೆ ಎಂಬುದು ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಕಲ್ಲಿನ ರಾಶಿ ಅಡುಗೆಮನೆಯ ಹೊಸ್ತಿಲು ಮುಟ್ಟಿತ್ತು.

"ಮಂದಿ ಹೊಲದಾಗಿನ ಕಲ್ಲು ಆರಿಸಿ ಹೊರಗ ಒಗೀತಾರ, ನೀವು ಆರಿಸಿ ಮನಿಯಾಗ ತಂದು ಹಾಕ್ತೀರಿ. ಏನರ ಬಿತ್ತೂದೈತೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು. ವಿಜ್ಞಾನಿಗಳು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ.

ಒಂದು ಶುಕ್ರವಾರ ಆನೆಗೊಂದಿಯ ಹೊಳೆದಂಡೆಯಲ್ಲಿ ನನ್ನ ತಪಸ್ಸು ಫಲಿಸಿತು. ಬಂಡೆಯ ಬಿರುಕಿನಲ್ಲಿ ನಿಂಬೆಹಣ್ಣಿನ ಗಾತ್ರದ ಕರಿಗಲ್ಲು. ಅದರ ಮೈಮೇಲೆ ಸೊಗಸಾದ ಸುರುಳಿ! ಒಂದು ಮಗ್ಗುಲಿಗೆ ಹಳದಿಯಾಗಿ ಏನೋ ಒಣಗಿತ್ತು. 'ಪ್ರಾಚೀನ ಸಮುದ್ರದ ಕೆಸರು' ಎಂದು ಬರೆದುಕೊಂಡೆ. ಸಣ್ಣ ಎಲೆಯೊಂದು ಅಂಟಿತ್ತು. 'ಪ್ರಾಚೀನ ಸಸ್ಯ' ಎಂದು ಅದನ್ನೂ ಬರೆದುಕೊಂಡೆ. ಅಲ್ಲಿಯೇ ಕೂತು ಹದವಾಗಿ ಒಂದು ಏಟು ಹಾಕಿದೆ. ಕಲ್ಲು ಎರಡು ಹೋಳಾಯಿತು. ಒಳಗೆಲ್ಲ ಹರಳು!

ಮನೆಗೆ ಬಂದು ಹೆಂಡತಿಯ ಮುಂದೆ ಹಿಡಿದೆ. ಅವಳು ನೋಡುವ ಬದಲು ಮೂಸಿದಳು.

"ನಿಮ್ಮ ಸಮುದ್ರದ ಕೆಸರು ಗಂಧದ ವಾಸನಿ ಹೊಡೀತೈತಲ್ರಿ. ಇದು ತುಳಸಿ ಎಲಿ." ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಕಡೀ ಮನಿ ಆಚಾರ್ಯಾರು ಊಟಾ ಬಿಟ್ಟು ಮೂರು ದಿನಾ ಆತು. ಆನೆಗೊಂದಿ ಹೊಳ್ಯಾಗ ಪೂಜಾ ಮಾಡೂಮುಂದ ಮಂಗ್ಯಾ ಬಂದು ದೇವರ ಗಂಟು ಎಳಕೊಂಡು ಹೋತಂತ. ಎಲ್ಲಾ ಸಿಕ್ತು, ಸಾಲಿಗ್ರಾಮ ಸಿಗಲಿಲ್ಲ. ಅದು ಸಿಗೂತನಕ ಒಂದು ಅಗಳು ಮುಟ್ಟಂಗಿಲ್ಲ ಅಂತ ಕುಂತಾರ!"

ನಮ್ಮದು ವಿಭೂತಿಯ ಮನೆ. ಸಾಲಿಗ್ರಾಮವನ್ನು ನಾನು ಹತ್ತಿರದಿಂದ ಕಂಡವನಲ್ಲ. ಎಪ್ಪತ್ತು ದಾಟಿದ ಮುದುಕರು ಅಲ್ಲಿ ಉಪವಾಸ. ಅವರ ದೇವರು ಇಲ್ಲಿ ನನ್ನ ಕರವಸ್ತ್ರದಲ್ಲಿ, ಎರಡು ಹೋಳಾಗಿ. "ಅಂಟು ಹಚ್ಚಿ ಜೋಡಿಸಲೇನು?" ಎಂದೆ.

"ದೇವರೇನು ಲಕೋಟೀನ? ಮೊದಲ ನಡೀರಿ. ಆ ಜೀವಕ್ಕ ಹೆಚ್ಚುಕಡಿಮಿ ಆದರ ನಿಮ್ಮ ಸುತ್ತಿಗಿ ಬಡದದ್ದು ಕಲ್ಲಿಗಲ್ಲ, ಅವರಿಗೇ!"

ಆಚಾರ್ಯರು ಪಡಸಾಲೆಯ ಕಂಬಕ್ಕೆ ಒರಗಿದ್ದರು. ಅವರಿಗೂ ಕಂಬಕ್ಕೂ ದಪ್ಪದಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ.

"ಆಚಾರ್ಯರ, ನಿಮ್ಮ ದೇವರು ಸಿಕ್ಕಾನ್ರಿ. ಆದರ..."

"ಆದರ ಏನು, ಮಾಸ್ತರ?"

"ಒಬ್ಬಾವ ಹೋಗಿದ್ದ, ಇಬ್ಬರಾಗಿ ಬಂದಾನ್ರಿ."

ಕರವಸ್ತ್ರ ಬಿಚ್ಚಿದೆ. ಮುದುಕರು ಹೋಳುಗಳನ್ನು ಅಂಗೈ ಮೇಲಿಟ್ಟುಕೊಂಡು ಬಿಸಿಲಿಗೆ ಹಿಡಿದರು. ಹರಳುಗಳು ಮಿನುಗಿದವು. ನಾನು ಶಾಪಕ್ಕೆ ಸಿದ್ಧನಾಗಿ ಟೊಪ್ಪಿಗೆ ತೆಗೆದು ನಿಂತೆ.

"ಐವತ್ತು ವರ್ಷ ಬರೇ ಮ್ಯಾಲೆ ಮ್ಯಾಲೆ ನೀರು ಹಾಕೀನಿ," ಎಂದರು ಆಚಾರ್ಯರು ಕೊನೆಗೆ. "ಒಳಗ ಇಷ್ಟು ಬೆಳಕದ ಅಂತ ಗೊತ್ತೇ ಇರಲಿಲ್ಲ." ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಸಾಲಿಗ್ರಾಮಕ್ಕ ಒಡಕಿನ ದೋಷ ಇಲ್ಲ ಮಾಸ್ತರ. ಒಡದಾವಂಗ ದೋಷ ಅದನೋ ಇಲ್ಲೋ, ಗ್ರಂಥ ನೋಡಬೇಕು." ಒಳಗಿದ್ದ ಸೊಸೆಗೆ ಕೂಗಿ ಹೇಳಿದರು: "ಪೂಜಾ ಮುಗಸ್ತೀನಿ, ಅಡಿಗಿ ಮಾಡವಾ. ಮಾಸ್ತರಿಗೂ ಪಡಸಾಲ್ಯಾಗ ಒಂದು ಎಲಿ ಹಾಕು."

ಊಟ ಅರ್ಧವಾದಾಗ, ಒಳಗೆ ಊಟಕ್ಕೆ ಕೂತಿದ್ದ ಆಚಾರ್ಯರ ದನಿ ಬಂತು. ಜೀವ ಮರಳಿದ ದನಿ. "ಮಾಸ್ತರ, ನಿಮ್ಮ ಪುಸ್ತಕ ಇದಕ್ಕ ಏನಂತದ?"

ಪಾಠ ಕೇಳುವವರು ಸಿಕ್ಕರೆ ಮಾಸ್ತರ ಬಿಟ್ಟಾನೆಯೇ? ಅನಾದಿ ಕಾಲದಲ್ಲಿ ಮಹಾಸಮುದ್ರವೊಂದಿತ್ತು, ಅದರಲ್ಲಿ ಸುರುಳಿ ಸುತ್ತಿಕೊಂಡ ಜೀವವೊಂದು ಮಲಗಿತ್ತು ಎಂದು ರಾಗವಾಗಿ ವಿವರಿಸಿದೆ.

ಆಚಾರ್ಯರು ತುತ್ತು ನುಂಗಿದರು. "ಸಮುದ್ರದಾಗ ಸುರುಳಿ ಮ್ಯಾಲ ಮಲಗ್ಯಾನ ಅಂತ ನಮ್ಮವರೂ ಮೊದಲಿಂದ ಹೇಳಿಕೋತ ಬಂದಾರಲ್ಲ! ಇದರಾಗ ನೀವು ಹೊಸಾದು ಏನು ಹುಡುಕಿದ್ರಿ?"

ನನ್ನಲ್ಲಿ ಉತ್ತರವಿತ್ತು, ನಾಲ್ಕು ಪುಟ ಬಾಯಿಪಾಠವೇ ಆಗಿತ್ತು. ಅಷ್ಟರಲ್ಲಿ ಎಲೆಗೆ ಬಿಸಿ ಗೋಧಿ ಹುಗ್ಗಿ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಭೂಗರ್ಭಶಾಸ್ತ್ರದ ಪರವಾಗಿ ವಾದ ಮಾಡಲು ಆ ಹೊತ್ತಿನಲ್ಲಿ ನನ್ನ ಬಾಯಿ ಖಾಲಿ ಇರಲಿಲ್ಲ.