ಕಾಗವಾಡದ ಮೈಟೊಕಾಂಡ್ರಿಯಾ

ಹೆಂಡತಿ ವಿಜ್ಞಾನಿಯಾದರೆ ಗಂಡನಾದವನು ಮೊದಲು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಬೇಕು. ಆಕೆಗೆ ಗೊತ್ತಿರುವುದರಲ್ಲಿ ಚಟಾಕಿನಷ್ಟು ಅವನ ಕಿವಿಗೆ ಬಿದ್ದಿರುತ್ತದೆ. ಅದನ್ನು ಸೇರಿನ ಲೆಕ್ಕದಲ್ಲಿ ಹಂಚುವ ಚಪಲ ಮಾತ್ರ ಅವನ ಸ್ವಂತದ್ದು. ನಾನು ಚಿಕ್ಕೋಡಿಯಲ್ಲಿ ಬ್ಯಾಂಕ್ ಗುಮಾಸ್ತ. ನನ್ನ ಹೆಂಡತಿ ಸುಜಾತಾ ಪುಣೆಯ ಪ್ರಯೋಗಾಲಯವೊಂದರಲ್ಲಿ ಪೋಸ್ಟ್‌ಡಾಕ್. ಅಂದರೆ ಪಿಎಚ್‌ಡಿ ಮುಗಿದ ಮೇಲೂ, ಸ್ವತಂತ್ರವಾಗಿ ಸಂಶೋಧನೆ ನಡೆಸುವಷ್ಟು ಪಳಗಲೆಂದು ಹಿರಿಯರೊಬ್ಬರ ಕೈಕೆಳಗೆ ಪಡೆಯುವ ತರಬೇತಿ. ಇದನ್ನು ಅವ್ವನಿಗೆ ತಿಳಿಸಿದಾಗ, ಲಗ್ನದ ಊಟ ಮುಗಿಸಿ ಮತ್ತೆ ಪಂಕ್ತಿಗೆ ಕೂತವರನ್ನು ನೋಡುವಂತೆ ನನ್ನನ್ನು ನೋಡಿ, ‘ಡಾಕ್ಟರ್ ಆದ್ಲಲ್ಲ, ಮತ್ತೇನ ಕಲಿಯೂದೈತಿ?’ ಎಂದಿದ್ದಳು. ಆದರೂ ನಮ್ಮ ಮಗಳು ಶ್ರೇಯಾಳನ್ನು ನೋಡಿಕೊಳ್ಳುವವಳು ಅವ್ವನೇ. ಸುಜಾತಾ ಬರುವುದು ರಜೆ ಸಿಕ್ಕ ಶನಿವಾರಗಳಲ್ಲಿ. ಈಗ ಅವಳ ತರಬೇತಿಯನ್ನು ಇನ್ನೊಂದು ವರ್ಷ ಮುಂದುವರಿಸುವ ಮಾತು ಬಂದಿತ್ತು. ಅವ್ವನ ಒಪ್ಪಿಗೆಯಿಲ್ಲದೆ ಅದು ಆಗುವಂತಿರಲಿಲ್ಲ.

ಹಾಗಾಗಿ ಹಾದಿ ಸುಗಮ ಮಾಡೋಣವೆಂದು ಒಂದು ಸಂಜೆ ಸೊಸೆಯ ಕೆಲಸ ಎಂಥದೆಂದು ವಿವರಿಸಲು ಕೂತೆ. ರೋಗ ಬಂದರೆ ಅದರ ಜೊತೆ ಕಾದಾಡುವ ಸೈನಿಕರು ನಮ್ಮ ರಕ್ತದಲ್ಲಿದ್ದಾರೆ. ಅವರೊಳಗೆ ಸಕ್ಕರೆ ಕಾರ್ಖಾನೆಯ ಬಾಯ್ಲರಿನಂತೆ ಶಕ್ತಿ ಹುಟ್ಟಿಸುವ ಸಣ್ಣ ಸಣ್ಣ ಭಾಗಗಳೇ ಮೈಟೊಕಾಂಡ್ರಿಯಾ. ಬಾಯ್ಲರು ಕೆಟ್ಟರೆ ಸೈನಿಕರ ಗತಿಯೇನು ಎಂಬುದನ್ನು ಸುಜಾತಾ ನೋಡುತ್ತಾಳೆ ಎಂದೆ. ಕಬ್ಬಿನ ಸೀಮೆಯವಳಾದ ಅವ್ವನಿಗೆ ಬಾಯ್ಲರು ಚೆನ್ನಾಗಿ ಅರ್ಥವಾಯಿತು. ಅಲ್ಲಿಗೇ ಏಳಬೇಕಿತ್ತು. ಏಳದೆ, ಈ ಬಾಯ್ಲರುಗಳು ಅಪ್ಪನಿಂದ ಬರುವುದಿಲ್ಲ, ತಾಯಿಯಿಂದ ಮಾತ್ರ ಬರುತ್ತವೆ ಎಂದೂ ಸೇರಿಸಿದೆ.

ಅವ್ವ ಅರಳಿದಳು. ಮಗನ ಮೈಯೊಳಗಿನ ಕಸುವೆಲ್ಲ ತನ್ನದೇ ಎಂದು ಮರುದಿನ ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಳು. ಅಪ್ಪನಿಗೂ ಹೇಳಿದಳು. ಅವರು ಪೇಪರಿನಿಂದ ತಲೆ ಎತ್ತದೆ, ಆಗಲಿ ಎಂದರು. ಈ ಸಂಭ್ರಮ ಎರಡು ದಿನ ನಡೆದಿರಬೇಕು. ಒಂದು ಬೆಳಿಗ್ಗೆ ಚಪಾತಿ ಲಟ್ಟಿಸುತ್ತಿದ್ದ ಅವ್ವನ ಕೈ ಇದ್ದಕ್ಕಿದ್ದಂತೆ ನಿಂತಿತು.

‘ಹಂಗಾರ ಶ್ರೇಯಾಗ ನಿನ್ನವು ಬಂದಿಲ್ಲ?’

ಇಲ್ಲವೆಂದೆ.

‘ಸುಜಾತಾನವು ಬಂದಾವು. ಆಕಿಗೆ ಅವರವ್ವನವು.’

ಸುಜಾತಾಳ ತಾಯಿ ಇರುವುದು ಕಾಗವಾಡದಲ್ಲಿ. ಬೀಗಿತ್ತಿಯರ ನಡುವೆ ಜಗಳವೇನಿಲ್ಲ. ಹಂಗಾಮಿನಲ್ಲಿ ಅಲ್ಲಿಂದ ದ್ರಾಕ್ಷಿಯ ಪೆಟ್ಟಿಗೆ ಬರುತ್ತದೆ, ಅವ್ವ ಒಂದು ಹಣ್ಣು ಬಾಯಿಗಿಟ್ಟು ಸ್ವಲ್ಪ ಹುಳಿ ಎನ್ನುತ್ತಾಳೆ, ಆಮೇಲೆ ಪೆಟ್ಟಿಗೆ ಖಾಲಿಯಾಗುತ್ತದೆ. ಸಂಬಂಧ ಅಷ್ಟು ಹದದಲ್ಲಿ ಸಾಗಿತ್ತು. ಈಗ ಶ್ರೇಯಾ ಅಂಗಳದಲ್ಲಿ ಓಡಾಡಿದರೂ ಅವ್ವನ ಕಣ್ಣಿಗೆ ಅದು ಕಾಗವಾಡದ ಓಟವಾಗಿ ಕಾಣತೊಡಗಿತು. ಕಡೆಗೆ ಅವಳು ತೀರ್ಪು ಕೊಟ್ಟೇಬಿಟ್ಟಳು: ‘ಬಾಯ್ಲರ್ ಅವರದ ಐತಿ, ಅವರ ನೋಡ್ಕೊಳ್ಳಲಿ. ಮುಂದಿನ ವರ್ಸ ಕೂಸಿನ್ನ ಕಾಗವಾಡದ ಸಾಲಿಗೆ ಹಾಕ್ರಿ.’

ಮಗಳ ಶಾಲೆ ಬಿಡಿಸುವುದಕ್ಕಿಂತ ತರಬೇತಿ ಬಿಡುವುದೇ ಲೇಸೆಂದು ಸುಜಾತಾ ಹೇಳುವವಳೇ. ಫೋನಿನಲ್ಲಿ ಎಲ್ಲ ಒಪ್ಪಿಸಿದೆ. ಬೈಯಲಿಲ್ಲ. ಅರ್ಧವನ್ನೇ ಯಾಕೆ ಹೇಳಿದಿರಿ ಎಂದಷ್ಟೇ ಕೇಳಿದಳು. ಉಳಿದರ್ಧ ನನಗೆ ಗೊತ್ತಿದ್ದರಲ್ಲವೆ ಹೇಳುವುದು!

ಶನಿವಾರ ಬಂದವಳು ಬ್ಯಾಗು ಇಳಿಸಿ, ಮೆಂತೆ ಸೊಪ್ಪು ಸೋಸುತ್ತಿದ್ದ ಅವ್ವನ ಪಕ್ಕ ತಾನೂ ಒಂದು ಕಟ್ಟು ಹಿಡಿದು ಕೂತಳು. ಮುದುಕಿಯ ಸಮಾಧಾನಕ್ಕೆ ಸಣ್ಣದೊಂದು ಸುಳ್ಳು ಹೇಳಿಯಾಳು ಎಂದುಕೊಂಡಿದ್ದೆ. ಹೇಳಲಿಲ್ಲ.

‘ಇವರು ಹೇಳಿದ್ದು ಖರೇನ ಐತ್ರಿ ಅತ್ತಿ. ಆದ್ರ ಬಾಯ್ಲರ್ ತನ್ನಷ್ಟಕ್ಕ ತಾನ ನಡಿಯಾಂಗಿಲ್ಲ. ಅದಕ್ಕ ಬೇಕಾದ ಸಾಮಾನ ಬಾಳಷ್ಟು ಹೊರಗ ತಯಾರಾಗಿ ಒಳಗ ಹೋಗ್ತಾವ. ಅವನ್ನ ಮಾಡೂ ಗುಟ್ಟು ಕೂಸಿಗೆ ಅರ್ಧ ನನ್ನಿಂದ ಬಂದೈತಿ, ಅರ್ಧ ಇವರಿಂದ. ಇವರಿಗೆ ನಿಮ್ಮಿಂದ, ಮಾವಾರಿಂದ.’

ಅವ್ವ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ‘ಅಂದ್ರ ಚಿಕ್ಕೋಡಿ ಸಾಮಾನ ಇಲ್ಲದ ಕಾಗವಾಡದ ಬಾಯ್ಲರ್ ನಡಿಯಾಂಗಿಲ್ಲ.’

‘ನಡಿಯಾಂಗಿಲ್ರಿ.’

ಆಮೇಲೆ ಸುಜಾತಾ ಇನ್ನೊಂದು ವರ್ಷದ ಮಾತನ್ನು ತಾನೇ ಎತ್ತಿದಳು. ಅವ್ವನಿಗೆ ಕಷ್ಟವಾಗುವುದಾದರೆ ಬಿಟ್ಟು ಬರುವುದಾಗಿಯೂ ಹೇಳಿದಳು. ಕೂಸು ಎಲ್ಲಿಗೂ ಹೋಗುವುದಿಲ್ಲ, ನೀನು ಪೂರಾ ಕಲಿತೇ ಬಾ, ಇನ್ನು ಮುಂದೆ ಇವನ ಕೈಯಲ್ಲಿ ಮಾತ್ರ ಏನನ್ನೂ ಹೇಳಿ ಕಳಿಸಬೇಡ ಎಂದಳು ಅವ್ವ. ನಾನು ಅಲ್ಲಿಂದ ಏಳಲು ಹೊರಟೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ನಿಂತಿತು.

‘ಇವನ ಬಾಯ್ಲರ್ ಪೂರಾ ನಂದ ಅಲ್ಲ? ನಾ ನಸುಕಿನ್ಯಾಗ ಏಳ್ತೀನಿ. ಇವ ಯಾಕ ಎಂಟಾದ್ರೂ ಏಳಾಂಗಿಲ್ಲ?’

ಸುಜಾತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು. ‘ಅದು ಇನ್ನೂ ಯಾರಿಗೂ ತಿಳಿದಿಲ್ರಿ ಅತ್ತಿ. ಅದಕ್ಕ ಮತ್ತೊಂದು ಪೋಸ್ಟ್‌ಡಾಕ್ ಮಾಡಬೇಕಾಗ್ತೈತಿ.’

ಸಂಶೋಧನೆಯ ವಸ್ತುವಾಗುವುದಕ್ಕಿಂತ ನಿದ್ದೆಗೆಡುವುದೇ ಮೇಲೆಂದು ಮರುದಿನ ಸೂರ್ಯ ಹುಟ್ಟುವ ಮೊದಲೇ ಎದ್ದು ಹಾಸಿಗೆ ಮಡಿಸಿ ಕೂತೆ. ಅವ್ವ ಬಂದು ನೋಡಿದಳು. ಒಳಗೆ ಹೋಗಿ ಸುಜಾತಾಳನ್ನು ಎಬ್ಬಿಸಿ, ಗಂಡನಿಗೆ ಜ್ವರ ಬಂದಿದೆಯೇನೋ, ಹಣೆ ಮುಟ್ಟಿ ನೋಡು ಎಂದಳು.