ಕಾಗೆಗಳ ಜೊತೆ ಜಗಳವಾಡಿದ ಮಾಸ್ತರು

ಮಾಸ್ತರು ಆಣೆ ಮಾಡಿದ್ದಕ್ಕೇ ಕಾಗೆ ಬಂತು ಎಂದು ನಮ್ಮ ನಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಮಾಸ್ತರು ಅಲ್ಲಿಂದ ಸರಿದದ್ದಕ್ಕೆ ಬಂತು.

ಮಾಸ್ತರೆಂದರೆ ನನ್ನ ತಂಗಿಯ ಗಂಡ. ಮಾನವಿಯಲ್ಲಿ ಮಕ್ಕಳಿಗೆ ಕಲಿಸಿ ಕಲಿಸಿ ಮುಗಿಸಿ, ಈಗ ರಾಯಚೂರಿನ ದೊಡ್ಡ ಗಾರ್ಡನ್ನಿನ ಎದುರಿಗೆ, ನನ್ನ ಮಗ್ಗುಲ ಮನೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ತಂಗಿ ತೀರಿಕೊಂಡಳು. ಇವರ ಕೊರಳಿಗೆ ದುರ್ಬೀನು ಬಂತು. ಮಳೆ ಮುಗಿದು ಹೊರಗಿನ ಹಕ್ಕಿಗಳು ಬರುವ ಕಾಲವಂತೂ ಮನೆಯಲ್ಲಿ ಮದುವೆಯಿದ್ದಂತೆ! ನಸುಕಿಗೇ ಹಸಿರು ಅಂಗಿ, ಹಸಿರು ಟೊಪ್ಪಿಗೆ. ಹಕ್ಕಿಯ ಕಣ್ಣಿಗೆ ಗಿಡದಂತೆ ಕಾಣಬೇಕಂತೆ. ಇಷ್ಟು ಹೊಟ್ಟೆ ಬಿಟ್ಟ ಗಿಡವನ್ನು ಯಾವ ಹಕ್ಕಿ ನೋಡಿದೆ?

ಆ ಗಾರ್ಡನ್ನಿಗೆ ಸಿಪಿಲೆ ಎಂಬ, ಬಾಲ ಕುಣಿಸುವ ಅಂಗೈಯಷ್ಟು ಹಕ್ಕಿ ಬರುತ್ತದೆ. ಹಿಮಾಲಯದ ಕಡೆಯಿಂದ ಬಂದದ್ದೆಂದು ಅದಕ್ಕೆ ಬೀಗರ ಮರ್ಯಾದೆ. ಕಾಗೆಗಳು ಸಿಪಿಲೆಯನ್ನು ಅಟ್ಟಿಸಿಕೊಂಡು ಹೋದರೆ, ಮಾಸ್ತರು ಕೊಡೆ ಬೀಸುತ್ತ ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ವಾಕಿಂಗಿಗೆ ಬಂದವರು ನಿಂತು ನೋಡುತ್ತಿದ್ದರು. ಹಕ್ಕಿಯನ್ನಲ್ಲ!

"ಕಾಗಿ ಮಾರಿ ಮರೆಯಂಗಿಲ್ರಿ, ಮಾಸ್ತರ" ಎಂದು ಹೇಳಿದ್ದೆ. ಅಟ್ಟಿಸಿಕೊಂಡು ಬಂದವರ ಮುಖ ಅವಕ್ಕೆ ನೆನಪಿರುತ್ತದೆ. ಓದದವಳ ಮಾತು, ಯಾರು ಕೇಳುತ್ತಾರೆ?

ಪಿತೃಪಕ್ಷದಲ್ಲಿ ತಂಗಿಯ ತಿಥಿ ಬಂತು. ನಮ್ಮಲ್ಲಿ ಮಾಳಿಗೆಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಿದ ಮೇಲೇ ಮನೆಯವರ ಊಟ. ಮಾಸ್ತರು ಎಡೆಯ ಮುಂದೆ ಕೈ ಮುಗಿದು ನಿಂತರು. ಕಾಗೆಗಳು ಎದುರಿನ ತಂತಿಯ ಮೇಲೆ ಸಾಲಾಗಿ ಕೂತು ಇವರನ್ನೇ ನೋಡಿದವು. ಒಂದೂ ಇಳಿಯಲಿಲ್ಲ. ಹೋಳಿಗೆ ಒಣಗಿತು. ದೇವದುರ್ಗದಿಂದ ಬಂದ ನಂಟರು, ಸತ್ತವಳಿಗೆ ಏನೋ ಕೊರಗು ಉಳಿದಿದೆ, ಆಣೆ ಮಾಡಿ ಸಮಾಧಾನ ಮಾಡಿರಿ ಎಂದರು. ಒಬ್ಬ ಮನೆಗೆ ಸುಣ್ಣ ಹೊಡೆಸುತ್ತೇನೆಂದ. ಇನ್ನೊಬ್ಬ ಜರ್ದಾ ಬಿಡುತ್ತೇನೆಂದ. ಜರ್ದಾ ಬಿಡುವ ಮಾತನ್ನು ಕಾಗೆಯೂ ನಂಬಲಿಲ್ಲ.

ಕಡೆಗೆ ಮಾಸ್ತರು ಬಾಯಿ ಬಿಟ್ಟರು. "ನಾಳಿಯಿಂದ ಹಕ್ಕಿ ನೋಡಾಕ ಹೋಗಂಗಿಲ್ಲ. ಉಣ್ಣು ಬಾ" ಎಂದವರೇ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನೀರಿನ ಟಾಕಿಯ ಹಿಂದೆ ಹೋಗಿ ಕೂತರು.

ಹೋದದ್ದೇ ತಡ, ಮೂರು ಕಾಗೆ ಇಳಿದವು! ನಂಟರು ಭಕ್ತಿಯಿಂದ ಕೈ ಮುಗಿದು, ಅದಕ್ಕಿಂತ ಭಕ್ತಿಯಿಂದ ಊಟಕ್ಕೆ ಓಡಿದರು.

ನಾನು ಟಾಕಿಯ ಹಿಂದೆ ಹೋಗಿ, ನಿಮ್ಮ ಮುಖ ಮರೆಯಾಯಿತು, ಅದಕ್ಕೇ ಬಂದವು ಎಂದೆ. ಒಪ್ಪಲಿಲ್ಲ. ಆಕೆಗೆ ಮಾಡಿದ ಆಣೆ ಮುರಿಯುವುದಿಲ್ಲ ಎಂದರು.

"ಹಂಗಾರ ಮುಂಜಾನಿ ಏನ್ ಮಾಡ್ತೀರಿ?"

"ಅದ ತಿಳೀವಲ್ದು, ಅಕ್ಕಾರ. ಆಕಿ ಚಾ ತರೋ ಹೊತ್ತಿಗಿ ಮನ್ಯಾಗ ಕೂಡಾಕ ಆಗಂಗಿಲ್ಲ. ಅದಕ್ಕ ಹೋಗ್ತಿದ್ದೆ."

ನಾನು ಕೆಳಗಿಳಿದು ಮರುದಿನಕ್ಕೆಂದು ನಾಲ್ಕು ರೊಟ್ಟಿ ಹೆಚ್ಚಿಗೆ ಮಾಡಿಟ್ಟೆ.

ಮರುದಿನ ಬೆಳಕು ಹರಿಯುವ ಮೊದಲೇ ಅವರ ಬಾಗಿಲು ಬಡಿದೆ. ಆಕೆಗೆ ಅಕ್ಕ ನಾನು, ಆ ಆಣೆಯನ್ನು ನಾನೇ ಬಿಡಿಸಿದ್ದೇನೆ ಎಂದು ದುರ್ಬೀನು ಕೊರಳಿಗೆ ಹಾಕಿ ಕರೆದುಕೊಂಡು ಹೋದೆ. ಸಿಪಿಲೆ ಬರುವ ಹುಲ್ಲಿನ ಕಡೆ ಅವರನ್ನು ಕೂರಿಸಿ, ಗಾರ್ಡನ್ನಿನ ಆ ತುದಿಗೆ ನಡೆದು, ಊರಿನ ಕಾಗೆಗಳನ್ನೆಲ್ಲ ನನ್ನ ಕಡೆ ಕರೆದು ರೊಟ್ಟಿ ಮುರಿದು ಹಾಕುತ್ತ ಕೂತೆ.