ಮಗ್ಗದ ಜಾಗದಲ್ಲೊಂದು ನೀರ್ಗಿಡ

ಸದ್ದಿನಲ್ಲಿ ಬೆಳೆದವರಿಗೆ ಮೌನ ಸುಲಭಕ್ಕೆ ಒಗ್ಗುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು. ಮನೆಯೊಳಗೇ ಪವರ್‌ಲೂಮ್ ಮಗ್ಗಗಳು ಬಡಿಯುತ್ತಿದ್ದರೆ ಇನ್ನು ಹೇಗೆ ಮಾತಾಡುವುದು? ಹೊಸ ನೆಂಟರು ನಮ್ಮ ಕುಶಲೋಪರಿಯನ್ನೇ ಜಗಳವೆಂದು ತಿಳಿದು ಬಿಡಿಸಲು ಬಂದದ್ದುಂಟು. ಅಪ್ಪ ಹೋದ ಮೇಲೆ ಮಗ್ಗಗಳನ್ನು ಮಾರಿದೆವು. ಅಮ್ಮ ಆ ಖಾಲಿ ಜಾಗವನ್ನು ನೋಡುತ್ತ ಕೂರತೊಡಗಿದಳು, ಮಾತೂ ಕಡಿಮೆಯಾಯಿತು.

ಅವಳಿಗೆ ನೋಡಲು ಏನಾದರೂ ಇರಲೆಂದು ಅಲ್ಲೊಂದು ಮೀನಿನ ತೊಟ್ಟಿ ತಂದಿಟ್ಟೆ. ಜೊತೆಗೆ ಅಂಗಡಿಯವನು ಅನುಬಿಯಾಸ್ ಎಂಬ ದಪ್ಪ ಎಲೆಯ ನೀರ್ಗಿಡ ಕೊಟ್ಟು, "ಬೆಳೆಯೋದು ನಿಧಾನ, ಆದ್ರೆ ಸಾಯಲ್ಲ ಗುರು" ಅಂದ. ನಾನು ಅದನ್ನು ಶ್ರದ್ಧೆಯಿಂದ ಮರಳಿನೊಳಗೆ ಆಳವಾಗಿ ನೆಟ್ಟೆ. ಕೆಲವೇ ವಾರಗಳಲ್ಲಿ ಎಲೆ ಹಳದಿಯಾಯಿತು, ಬುಡ ಕೊಳೆಯತೊಡಗಿತು. ಫೋನ್ ಮಾಡಿದರೆ ಅಂಗಡಿಯವನು ನಕ್ಕ. ಆ ಗಿಡದ ಗೆಡ್ಡೆಯನ್ನು ಹೂಳಬಾರದಂತೆ, ಕಲ್ಲಿಗೆ ಕಟ್ಟಬೇಕಂತೆ. ಕೊಳೆತದ್ದನ್ನು ಕತ್ತರಿಸಿ, ಉಳಿದ ತುಂಡನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ. ನೀರಿಗೆ ಬಿಟ್ಟೊಡನೆ ಕಲ್ಲು ಕೆಳಗೆ, ಗಿಡ ಮೇಲೆ. ಮತ್ತೆ ಕಟ್ಟಿದೆ, ಮತ್ತೆ ತೇಲಿತು. ಮೀನುಗಳೂ ನನ್ನನ್ನೇ ನೋಡುತ್ತಿದ್ದವು.

"ಇಲ್ಲಿ ಕೊಡು" ಅಂದಳು ಅಮ್ಮ. ಟ್ರಂಕಿನಿಂದ ಒಂದೆಳೆ ಹುರಿ ತಂದು, ಗಿಡವನ್ನು ಕಲ್ಲಿನ ಮೇಲೆ ಮಲಗಿಸಿ ಸುತ್ತಿ, ಬೆರಳ ತುದಿಯಲ್ಲೇ ಗಂಟು ಹಾಕಿದಳು. ಮಗ್ಗದಲ್ಲಿ ಹಾಸಿನ ಉದ್ದನೆಯ ನೂಲು ಮುಗಿದಾಗ ಹೊಸ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಸೇರಿಸುತ್ತಿದ್ದ ಅದೇ ಗಂಟು. ಆಮೇಲೆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಗಂಟನ್ನು ಬೆರಳಿನಿಂದ ಸವರಿದಳು.

"ಹಿಂಗೇ ನಿಮ್ಮಪ್ಪನ ಎದುರಿಗೆ ಕೂತು ಗಂಟು ಹಾಕ್ತಿದ್ದೆ ಕಣೋ. ಆಗ ಮಗ್ಗ ನಿಂತಿರ್ತಿತ್ತಲ್ಲ, ಆಗ್ಲೇ ನಾವಿಬ್ರೂ ಮಾತಾಡ್ತಿದ್ದಿದ್ದು. ಮೆತ್ತಗೆ ಮಾತಾಡೋರು ನಿಮ್ಮಪ್ಪ."

ಅಪ್ಪ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಗಿಡ ಬೆಳೆಯಲೇ ಇಲ್ಲ. ಪ್ಲಾಸ್ಟಿಕ್ಕಿನದಿರಬೇಕೆಂದು ನನ್ನ ಹೆಂಡತಿಗೆ ಅನುಮಾನ. ಅಮ್ಮ ಮಾತ್ರ ದಿನಾ ಬೆಳಿಗ್ಗೆ ಕಾಫಿ ಹಿಡಿದು ತೊಟ್ಟಿಯ ಮುಂದೆ ಕೂತು, ಅಪ್ಪನ ಕಾಲದ ಸಂಗತಿಗಳನ್ನು ನಿಧಾನವಾಗಿ ಹೇಳತೊಡಗಿದಳು. ಕೇಳಲು ನಾನೂ ಪಕ್ಕದಲ್ಲಿ ಕೂತೆ. ಹಾಗೆ ಕೂತಿದ್ದಾಗಲೇ ಒಂದು ದಿನ ಸುರುಳಿ ಸುತ್ತಿದ ಎಳೆಯ ಎಲೆ ಕಾಣಿಸಿತು.

ಅಮ್ಮ ದೇವನಹಳ್ಳಿಯಲ್ಲಿರುವ ನನ್ನ ತಂಗಿಗೆ ಕೂಡಲೇ ಫೋನ್ ಮಾಡಿದಳು. ಸುದ್ದಿಯಲ್ಲಿ ನನ್ನ ಪ್ರಸ್ತಾಪವೂ ಬಂತು. "ನೀರು ಬದಲಾಯ್ಸೋಕೆ ನಿಮ್ಮಣ್ಣ ಇದಾನೆ. ಗಿಡ ಮಾತ್ರ ಮುಟ್ಟಬೇಡ ಅಂದಿದೀನಿ."